ಎನ್‌ಸಿ ಸ್ಟೇಟ್ ಸೋಲುತ್ತಲೇ ಇದೆ, ಇನ್ನು ಸೀಸನ್‌ನಲ್ಲಿ ಏನು ಉಳಿದಿದೆ? ಅಭಿಮಾನಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ನಾರ್ತ್ ಕ್ಯಾರೊಲಿನಾ ರಾಜ್ಯದ ರಾಲಿ, ಕ್ಯಾರಿ, ಮೊರಿಸ್‌ವಿಲ್ ಸುತ್ತಮುತ್ತ ಕನ್ನಡದವರು ಬಹಳ ಇದ್ದಾರೆ. ರಾಲಿಯ ಎನ್‌ಸಿ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಎಂಎಸ್ ಓದಲು ಬಂದು ಇಲ್ಲೇ ಮನೆ ಮಾಡಿದವರೂ ಇದ್ದಾರೆ, ಕೆಲಸಕ್ಕೆಂದು ಬಂದವರೂ ಇದ್ದಾರೆ. ಕ್ರಿಕೆಟ್ ನೋಡಿ ಬೆಳೆದ ನಮಗೆ ಕಾಲೇಜು ಬ್ಯಾಸ್ಕೆಟ್‌ಬಾಲ್‌ನ ಲೆಕ್ಕಾಚಾರ ಮೊದಮೊದಲು ತಲೆಗೆ ಹತ್ತುವುದಿಲ್ಲ. ಫೆಬ್ರವರಿಯಲ್ಲಿ ತಂಡ ಎರಡು ಮೂರು ಪಂದ್ಯ ಸಾಲಾಗಿ ಸೋತರೆ ಸಾಕು, ಗೆಳೆಯರಿಂದ ಅವೇ ಪ್ರಶ್ನೆಗಳು ಬರುತ್ತವೆ. ನಾನು ಪ್ರತಿ ವರ್ಷ ಕೊಡುವ ಉತ್ತರಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ. ಉದಾಹರಣೆಗಳಲ್ಲಿ ಜಾಸ್ತಿ 2024ರ ತಂಡದವು. ಆ ತಂಡದ ಮೇಲೆ ನನಗಿರುವ ಪ್ರೀತಿ ಇನ್ನೂ ಕಮ್ಮಿಯಾಗಿಲ್ಲ.

ಫೆಬ್ರವರಿಯಲ್ಲಿ ಹೀಗೆ ಸೋತರೆ ಸೀಸನ್ ಮುಗಿದಂತೆ ಅಲ್ವಾ?

ಇಲ್ಲ. ದೇಶದ ಕಾಲೇಜು ಚಾಂಪಿಯನ್ ಯಾರೆಂದು ತೀರ್ಮಾನವಾಗುವುದು ಮಾರ್ಚ್‌ನ ಎನ್‌ಸಿಎಎ ಟೂರ್ನಿಯಲ್ಲಿ. 2025ರಲ್ಲಿ ಅದಕ್ಕೆ 68 ತಂಡಗಳು ಹೋದವು. ಹೋಗಲು ಎರಡು ದಾರಿ ಇವೆ. ಒಂದು, ಆಯ್ಕೆ ಸಮಿತಿ ನಿಮ್ಮ ಇಡೀ ಸೀಸನ್ ನೋಡಿ ಕರೆಯಬೇಕು. ಇನ್ನೊಂದು, ನಿಮ್ಮ ಕಾನ್ಫರೆನ್ಸ್‌ನ, ಅಂದರೆ ಸೀಸನ್‌ನಲ್ಲಿ ತಮ್ಮತಮ್ಮೊಳಗೆ ಆಡುವ ಕಾಲೇಜುಗಳ ಗುಂಪಿನ, ಟೂರ್ನಿಯನ್ನು ಗೆಲ್ಲಬೇಕು. ಅದನ್ನು ಗೆದ್ದವರಿಗೆ ಜಾಗ ಖಾತ್ರಿ. ಅವರ ಹಿಂದಿನ ಸೋಲುಗಳನ್ನು ಯಾರೂ ಎಣಿಸುವುದಿಲ್ಲ. 2025ರಲ್ಲಿ 31 ಜಾಗಗಳು ಹೀಗೆ ಗೆದ್ದು ಬಂದವರಿಗೆ ಹೋದವು, 37 ಜಾಗಗಳನ್ನು ಸಮಿತಿ ತುಂಬಿತು.

ಅಂದರೆ ಫೆಬ್ರವರಿಯ ಸೋಲುಗಳಿಂದ ಮೊದಲನೇ ದಾರಿ ಮುಚ್ಚಬಹುದು. ಎರಡನೇ ದಾರಿ ಮಾರ್ಚ್ ಎರಡನೇ ವಾರದವರೆಗೂ ತೆರೆದೇ ಇರುತ್ತದೆ. ಆದರೆ ಇಲ್ಲಿ ಒಂದು ಷರತ್ತು ಇದೆ, ಅದನ್ನು ನಮ್ಮ ತಂಡ 2025ರಲ್ಲಿ ಬಹಳ ಕಷ್ಟಪಟ್ಟು ಕಲಿಯಿತು. ಸ್ಟ್ಯಾನ್‌ಫರ್ಡ್, ಕ್ಯಾಲ್, ಎಸ್‌ಎಂಯು ಸೇರಿ ನಮ್ಮ ಕಾನ್ಫರೆನ್ಸ್ ಆದ ಎಸಿಸಿಯಲ್ಲಿ 18 ತಂಡಗಳಾದ ಮೇಲೆ ಎಸಿಸಿ ಟೂರ್ನಿಗೆ ಮೊದಲ 15 ತಂಡಗಳಿಗೆ ಮಾತ್ರ ಪ್ರವೇಶ ಸಿಕ್ಕಿತು. ಎನ್‌ಸಿ ಸ್ಟೇಟ್ ಕಾನ್ಫರೆನ್ಸ್‌ನಲ್ಲಿ 5 ಗೆದ್ದು 15 ಸೋತು ಹೊರಗೆ ಉಳಿಯಿತು. ಹಾಗಾಗಿ ತಂಡ ಕೆಳಗಿದ್ದಾಗ ಮೊದಲು ನೋಡಬೇಕಾದದ್ದು ಆ 15ನೇ ಸ್ಥಾನವನ್ನೇ.

2024ರಲ್ಲಿ ನಿಜವಾಗಿ ಏನಾಯಿತು? ಎಲ್ಲರೂ ಅದನ್ನೇ ಹೇಳುತ್ತೀರಲ್ಲ?

ಹೇಳುತ್ತೇವೆ, ಯಾಕೆಂದರೆ ಅಂಥದ್ದು ಇನ್ನೊಮ್ಮೆ ನೋಡುತ್ತೇವೋ ಇಲ್ಲವೋ.

ಆ ವರ್ಷ ನಿಯಮಿತ ಸೀಸನ್ ಮುಗಿದಾಗ ತಂಡದ ದಾಖಲೆ 17 ಗೆಲುವು, 14 ಸೋಲು. ಕೊನೆಯ ನಾಲ್ಕು ಪಂದ್ಯ ಸಾಲಾಗಿ ಹೋಗಿದ್ದವು: ಫ್ಲಾರಿಡಾ ಸ್ಟೇಟ್, ಪಕ್ಕದ ಊರಿನ ಬೇರೆ ವಿಶ್ವವಿದ್ಯಾಲಯವಾದ ನಾರ್ತ್ ಕ್ಯಾರೊಲಿನಾ, ಡ್ಯೂಕ್, ಪಿಟ್ಸ್‌ಬರ್ಗ್. ಡ್ಯೂಕ್ ನಮ್ಮ ಮನೆ ಅಂಗಳದಲ್ಲೇ 79-64ರಿಂದ ಹೊಡೆದು ಹೋಯಿತು. ಸಮಿತಿಯ ಪಟ್ಟಿಯಲ್ಲಿ ನಮ್ಮ ಹೆಸರು ಬರುವ ಮಾತೇ ಇರಲಿಲ್ಲ. ಕೋಚ್ ಕೆವಿನ್ ಕೀಟ್ಸ್ ಕೆಲಸ ಉಳಿಯುತ್ತದೆಯೇ ಎಂದು ಊರೆಲ್ಲ ಮಾತಾಡುತ್ತಿತ್ತು.

ಎಸಿಸಿ ಟೂರ್ನಿಗೆ 10ನೇ ಸೀಡ್ (ಶ್ರೇಯಾಂಕ) ಆಗಿ ವಾಷಿಂಗ್ಟನ್‌ಗೆ ಹೋದರು. ಗೆಲ್ಲಬೇಕಾದರೆ ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕಿತ್ತು. ಮಂಗಳವಾರ ಲೂಯಿವಿಲ್ ಮೇಲೆ 94-85. ಬುಧವಾರ ಸಿರಾಕ್ಯೂಸ್ ಮೇಲೆ 83-65. ಗುರುವಾರ ಡ್ಯೂಕ್ ಮೇಲೆ 74-69. ಅಷ್ಟರಲ್ಲಿ ಆಫೀಸಿನಲ್ಲಿ ನಮ್ಮ ತಂಡದ ಕೆಂಪು ಶರ್ಟುಗಳು ಜಾಸ್ತಿಯಾಗತೊಡಗಿದ್ದವು.

ಶುಕ್ರವಾರದ ಪಂದ್ಯವನ್ನು ನಿಧಾನವಾಗಿ ಹೇಳಬೇಕು. ವರ್ಜೀನಿಯಾ 3 ಅಂಕ ಮುಂದಿತ್ತು. ಉಳಿದದ್ದು ಕೆಲವೇ ಸೆಕೆಂಡು. ಅವರ ಆಟಗಾರ ಫ್ರೀ ಥ್ರೋ (ಯಾರೂ ಅಡ್ಡ ಬರದೆ ಎಸೆಯುವ ಶಾಟ್) ಗೆರೆಯಲ್ಲಿ ನಿಂತಿದ್ದ. ಅದು ಮೊದಲನೆಯದು ಬಿದ್ದರೆ ಮಾತ್ರ ಎರಡನೆಯದು ಸಿಗುವ ಬಗೆಯ ಫ್ರೀ ಥ್ರೋ. ಮೊದಲನೆಯದೇ ತಪ್ಪಿತು. ಮೈಕಲ್ ಓಕಾನೆಲ್ ಚೆಂಡು ಹಿಡಿದು ಓಡಿ, ಸಮಯ ಮುಗಿಯುವ ಹೊತ್ತಿಗೆ ದೂರದಿಂದ ಮೂರು ಅಂಕದ ಶಾಟ್ ಎಸೆದ. ಚೆಂಡು ಬೋರ್ಡಿಗೆ ಬಡಿದು, ರಿಂಗಿನ ಮೇಲೆ ಕುಣಿದು, ಒಳಗೆ ಬಿತ್ತು. 58-58. ಓವರ್‌ಟೈಮ್‌ನಲ್ಲಿ 73-65ಕ್ಕೆ ಗೆದ್ದೆವು. ಶನಿವಾರ ಫೈನಲ್‌ನಲ್ಲಿ ನಾರ್ತ್ ಕ್ಯಾರೊಲಿನಾ ಮೇಲೆ 84-76. 1987ರ ನಂತರ ಮೊದಲ ಎಸಿಸಿ ಕಪ್. ಐದು ದಿನದಲ್ಲಿ ಐದು ಗೆದ್ದು ಎಸಿಸಿ ಕಪ್ ಎತ್ತಿದ ಮೊದಲ ತಂಡವೂ ಇದೇ.

ಅಲ್ಲಿಗೂ ನಿಲ್ಲಲಿಲ್ಲ. ಎನ್‌ಸಿಎಎಯಲ್ಲಿ 11ನೇ ಸೀಡ್ ಆಗಿ ಟೆಕ್ಸಸ್ ಟೆಕ್, ಓಕ್ಲಂಡ್, ಮಾರ್ಕ್ವೆಟ್ ತಂಡಗಳನ್ನು ಸೋಲಿಸಿದರು. ಮಾರ್ಚ್ 31ರಂದು ಡಲ್ಲಾಸ್‌ನಲ್ಲಿ ಮತ್ತೆ ಡ್ಯೂಕ್ ಎದುರಾಯಿತು. ಈ ಸಲ 76-64. 1983ರ ನಂತರ ಮೊದಲ ಫೈನಲ್ ಫೋರ್, ಅಂದರೆ ಕೊನೆಯ ನಾಲ್ಕು ತಂಡಗಳ ಹಂತ. ಅಲ್ಲಿ ಪರ್ಡ್ಯೂ ತಂಡದ ಝ್ಯಾಕ್ ಈಡಿ ಎಂಬ ದೈತ್ಯನ ಎದುರು 63-50ಕ್ಕೆ ಸೋತರು. ಕೊನೆಯ ದಾಖಲೆ 26-15.

ಅದು ಬರೀ ಅದೃಷ್ಟ ಅಲ್ವಾ?

ಆ ಫ್ರೀ ಥ್ರೋ ತಪ್ಪಿದ್ದು ಅದೃಷ್ಟ. ಒಪ್ಪುತ್ತೇನೆ. ಆದರೆ ಒಂಬತ್ತು ಪಂದ್ಯ ಸಾಲಾಗಿ ಗೆಲ್ಲಲು ಅದೊಂದೇ ಸಾಲುವುದಿಲ್ಲ.

ಡಿಜೆ ಬರ್ನ್ಸ್ ನೆನಪಿದ್ದಾನಲ್ಲ? 6 ಅಡಿ 9 ಅಂಗುಲ ಎತ್ತರ, 275 ಪೌಂಡ್ ತೂಕ, ಎಡಗೈ ಆಟಗಾರ. ಬುಟ್ಟಿಯ ಹತ್ತಿರ ಬೆನ್ನು ತಿರುಗಿಸಿ ನಿಂತು, ಎದುರಾಳಿಯನ್ನು ಮೆಲ್ಲಗೆ ಹಿಂದೆ ತಳ್ಳುತ್ತಾ ಹೋಗುತ್ತಿದ್ದ. ಒಬ್ಬನೇ ಕಾವಲಿದ್ದರೆ ಮೃದುವಾಗಿ ಚೆಂಡು ಒಳಗೆ ಹಾಕುತ್ತಿದ್ದ. ಇಬ್ಬರು ಬಂದರೆ ಖಾಲಿ ನಿಂತವನಿಗೆ ಪಾಸ್ ಕೊಡುತ್ತಿದ್ದ. ಈಗಿನ ಕಾಲೇಜು ತಂಡಗಳು ದೂರದ ಶಾಟ್‌ಗಳನ್ನೇ ತಡೆದು ತಡೆದು ರೂಢಿಯಾಗಿವೆ. ಹೀಗೆ ಹಳೇ ಕಾಲದ ಆಟ ಆಡುವವನನ್ನು ತಡೆಯುವ ಅಭ್ಯಾಸವೇ ಅವಕ್ಕೆ ಇರಲಿಲ್ಲ. ಡಲ್ಲಾಸ್‌ನಲ್ಲಿ ಡ್ಯೂಕ್ ಮೇಲೆ ಬರ್ನ್ಸ್ 29 ಅಂಕ ಹೊಡೆದ. ಆಡುವಾಗ ಅವನ ಮುಖದಲ್ಲಿದ್ದ ನಗು ನೋಡಿ ನಮ್ಮ ಮನೆಯಲ್ಲಿ ಬ್ಯಾಸ್ಕೆಟ್‌ಬಾಲ್ ಗೊತ್ತಿಲ್ಲದವರೂ ಬಂದು ಕೂತರು.

ಅವನ ಪಕ್ಕದಲ್ಲಿ ಮೊಹಮ್ಮದ್ ದಿಯಾರಾ ಇದ್ದ, ಪ್ಯಾರಿಸ್ ಕಡೆಯ ಹುಡುಗ. ಅದು ರಂಜಾನ್ ತಿಂಗಳು. ಉಪವಾಸ ಇದ್ದುಕೊಂಡೇ ಆಡಿದ, ರಿಬೌಂಡ್‌ಗಳನ್ನು (ತಪ್ಪಿ ವಾಪಸ್ ಬರುವ ಚೆಂಡುಗಳನ್ನು) ಬಾಚಿಕೊಂಡ. ದೂರದಿಂದ ಡಿಜೆ ಹಾರ್ನ್ ಎಂಬ ಆಟಗಾರ ಶಾಟ್ ಹೊಡೆಯುತ್ತಿದ್ದ. ಅವನು ರಾಲಿಯ ಮನೆಮಗ. ಎದುರಾಳಿಯ ಒಳ್ಳೆಯ ಶೂಟರ್ ಹಿಂದೆ ಕೇಸಿ ಮೊರ್ಸೆಲ್ ಬಿಡದೆ ಓಡುತ್ತಿದ್ದ. ಇವರೆಲ್ಲ ಜನವರಿಯಲ್ಲೂ ಇದ್ದವರೇ. ಮಾರ್ಚ್‌ನಲ್ಲಿ ಬದಲಾಗಿದ್ದು ಡಿಫೆನ್ಸ್. ಎದುರಾಳಿಗೆ ಸುಲಭದ ಅಂಕ ಕೊಡುವುದನ್ನು ನಿಲ್ಲಿಸಿದರು, ಚೆಂಡು ಮೊದಲು ಬರ್ನ್ಸ್ ಕೈಗೆ ಹೋಗಲಿ ಎಂದು ಎಲ್ಲರೂ ಒಪ್ಪಿದಂತೆ ಆಡಿದರು.

ಹಾಗಾದರೆ ಸೋಲುವಾಗ ನಾವು ಏನನ್ನು ಗಮನಿಸಬೇಕು?

ನನಗೆ ಇದು ಎಲ್ಲಕ್ಕಿಂತ ಮುಖ್ಯ ಪ್ರಶ್ನೆ. ಸೋತದ್ದು ಎಷ್ಟು ಅನ್ನುವುದಕ್ಕಿಂತ ಹೇಗೆ ಸೋತರು ಎಂದು ನೋಡಿ.

ತ್ರೀ ಪಾಯಿಂಟರ್‌ಗಳು ಬೀಳದೆ ಸೋತರೆ ನಾನು ಅಷ್ಟು ಚಿಂತೆ ಮಾಡುವುದಿಲ್ಲ. ಒಳ್ಳೆಯ ಶಾಟ್ ಸಿಕ್ಕಿ ತಪ್ಪಿದ್ದರೆ ಮುಂದಿನ ವಾರ ಬೀಳುತ್ತದೆ. ಡಿಫೆನ್ಸ್‌ನಲ್ಲಿ ಕಾಲು ಎಳೆಯುತ್ತಿದ್ದರೆ ಚಿಂತೆ ಶುರು. ಎದುರಾಳಿ ಶಾಟ್ ತಪ್ಪಿದಾಗ ನಮ್ಮವರು ಅವನನ್ನು ಬೆನ್ನಿನಿಂದ ತಡೆದು ರಿಬೌಂಡ್‌ಗೆ ಜಾಗ ಮಾಡುತ್ತಾರಾ, ಸುಮ್ನೆ ನಿಂತು ಚೆಂಡು ನೋಡುತ್ತಾರಾ? ಚೆಂಡು ಕಳೆದುಕೊಂಡ ಮೇಲೆ ಐದೂ ಜನ ವಾಪಸ್ ಓಡುತ್ತಾರಾ? ಟಿವಿಯಲ್ಲಿ ಚೆಂಡಿನ ಹಿಂದೆ ಹೋಗದೆ ಎರಡು ನಿಮಿಷ ಇದನ್ನಷ್ಟೇ ನೋಡಿ. ತಂಡದ ಮನಸ್ಸು ಎಲ್ಲಿದೆ ಎಂದು ತಿಳಿಯುತ್ತದೆ.

ಇನ್ನೊಂದು, ಟೈಮ್‌ಔಟ್ ಆದಾಗ ಬೆಂಚಿನಲ್ಲಿ ಕೂತವರ ಮುಖ. ಹೊಡೆತ ತಿಂದ ಫೆಬ್ರವರಿಯಲ್ಲೂ 2024ರ ತಂಡದವರು ಒಬ್ಬರ ಮೇಲೊಬ್ಬರು ಮುನಿಸಿಕೊಂಡದ್ದು ನನಗೆ ಕಾಣಲಿಲ್ಲ. ಇದನ್ನು ಯಾವ ಅಂಕಿಅಂಶದಲ್ಲೂ ಬರೆಯಲು ಆಗುವುದಿಲ್ಲ, ಆದರೂ ನಾನು ಅದನ್ನೇ ಹೆಚ್ಚು ನಂಬುತ್ತೇನೆ.

ನೆಟ್, ಕ್ವಾಡ್ 1 ಅಂತ ಹೇಳುತ್ತಾರಲ್ಲ, ಅದೇನು?

ನೆಟ್ ಎಂದರೆ ಎನ್‌ಸಿಎಎ 2018-19ರ ಸೀಸನ್‌ನಿಂದ ಬಳಸುತ್ತಿರುವ ರ‍್ಯಾಂಕಿಂಗ್. ಯಾರ ಮೇಲೆ ಗೆದ್ದಿರಿ, ಎಲ್ಲಿ ಗೆದ್ದಿರಿ, ಎಷ್ಟು ದಕ್ಷವಾಗಿ ಆಡಿದಿರಿ ಎಂಬುದನ್ನು ಸೇರಿಸಿ ಲೆಕ್ಕ ಹಾಕುತ್ತದೆ. ಆ ರ‍್ಯಾಂಕಿಂಗ್ ಇಟ್ಟುಕೊಂಡು ಪಂದ್ಯಗಳನ್ನು ನಾಲ್ಕು ಗುಂಪು ಮಾಡುತ್ತಾರೆ. ಮೊದಲ ಗುಂಪೇ ಕ್ವಾಡ್ 1. ನಿಮ್ಮ ಮನೆಯಲ್ಲಿ ಆಡಿದರೆ ಎದುರಾಳಿ ಮೊದಲ 30ರೊಳಗೆ ಇರಬೇಕು. ಯಾರ ಮನೆಯೂ ಅಲ್ಲದ ಜಾಗದಲ್ಲಾದರೆ 50ರೊಳಗೆ. ಎದುರಾಳಿಯ ಮನೆಗೇ ಹೋಗಿ ಆಡಿದರೆ 75ರೊಳಗೆ ಇದ್ದರೂ ಸಾಕು.

ಅದಕ್ಕೇ ಫೆಬ್ರವರಿ ಕೊನೆಯಲ್ಲಿ ಹೊರಗೆ ಹೋಗಿ 60ನೇ ಸ್ಥಾನದ ತಂಡವನ್ನು ಸೋಲಿಸಿದರೆ ಅಭಿಮಾನಿಗಳು ಅಷ್ಟು ಕುಣಿಯುತ್ತಾರೆ. ಅದೇ ತಂಡವನ್ನು ಮನೆಯಲ್ಲಿ ಸೋಲಿಸಿದ್ದರೆ ಅದು ಎರಡನೇ ಗುಂಪಿಗೆ ಇಳಿಯುತ್ತಿತ್ತು. ಉಳಿದ ಪಂದ್ಯಗಳ ಪಟ್ಟಿ ಹಿಡಿದು ಯಾವುದು ಎಲ್ಲಿ ಎಂದು ಗುರುತು ಹಾಕಿಕೊಳ್ಳಿ, ಚಿತ್ರ ಸ್ಪಷ್ಟವಾಗುತ್ತದೆ. ಐಪಿಎಲ್‌ನ ಕೊನೆಯ ವಾರದಲ್ಲಿ ನೆಟ್ ರನ್ ರೇಟ್ ಲೆಕ್ಕ ಹಾಕಿ ಅಭ್ಯಾಸ ಇರುವ ನಮಗೆ ಇದು ಕಷ್ಟವೇನಲ್ಲ.

20 ಪಂದ್ಯ ಗೆದ್ದರೆ ಒಳಗೆ ಹೋಗುತ್ತೇವಾ?

ಇದು ಹಳೆಯ ನಂಬಿಕೆ. ಈಗ ಕೆಲಸಕ್ಕೆ ಬರುವುದಿಲ್ಲ.

ಪಕ್ಕದ ಊರಿನ ನಾರ್ತ್ ಕ್ಯಾರೊಲಿನಾವನ್ನೇ ನೋಡಿ. 2022ರಲ್ಲಿ ರಾಷ್ಟ್ರೀಯ ಫೈನಲ್ ಆಡಿ ಕಾನ್ಸಾಸ್‌ಗೆ 72-69ಕ್ಕೆ ಸೋತರು. ಮುಂದಿನ ಸೀಸನ್‌ಗೆ ದೇಶದ ಒಂದನೇ ತಂಡವೆಂದು ಹೆಸರು ಪಡೆದು ಶುರು ಮಾಡಿದರು. ಮುಗಿಸಿದ್ದು 20-13ರಲ್ಲಿ. ಸಮಿತಿ ಕರೆಯಲಿಲ್ಲ. ಟೂರ್ನಿ 1985ರಲ್ಲಿ 64 ತಂಡಗಳಿಗೆ ಬೆಳೆದ ಮೇಲೆ ಸೀಸನ್ ಶುರುವಿನ ಒಂದನೇ ತಂಡ ಹೊರಗುಳಿದದ್ದು ಅದೇ ಮೊದಲು. ಅವರ ಸೋಲು ನೋಡಿ ನಮ್ಮ ಕಡೆಯವರು ಖುಷಿಪಟ್ಟರು. ನನಗೆ ಆ ಹುಡುಗರ ಬಗ್ಗೆ ಬೇಜಾರೇ ಆಯಿತು.

ಇದಕ್ಕಿಂತ ನೋವಿನದು 2024ರ ಇಂಡಿಯಾನಾ ಸ್ಟೇಟ್ ಕಥೆ. 28 ಪಂದ್ಯ ಗೆದ್ದಿದ್ದರು. ತಮ್ಮ ಕಾನ್ಫರೆನ್ಸ್ ಫೈನಲ್‌ನಲ್ಲಿ ಡ್ರೇಕ್‌ಗೆ 84-80ಕ್ಕೆ ಸೋತರು. ಆ ವಾರ ನಮ್ಮಂಥ ಕೆಲವು ತಂಡಗಳು ಎಲ್ಲಿಂದಲೋ ಬಂದು ತಮ್ಮ ಕಾನ್ಫರೆನ್ಸ್ ಕಪ್ ಗೆದ್ದುಕೊಂಡವು. ಅಂಚಿನಲ್ಲಿದ್ದ ತಂಡಗಳಿಗೆ ಜಾಗ ಕಮ್ಮಿಯಾಯಿತು, ಇಂಡಿಯಾನಾ ಸ್ಟೇಟ್ ಹೊರಗುಳಿಯಿತು. ನಮ್ಮ ಸಂತೋಷದ ಬೆಲೆಯನ್ನು ಬೇರೆ ಯಾರೋ ಕೊಟ್ಟಿದ್ದರು ಎಂಬುದು ನನಗೆ ಈಗಲೂ ನೆನಪಾಗುತ್ತದೆ.

ಕೋಚ್‌ನನ್ನು ಸೀಸನ್ ಮಧ್ಯದಲ್ಲೇ ಬದಲಿಸಿದರೆ ಸರಿಯಾಗುತ್ತದಾ?

ನನ್ನ ಅಭಿಪ್ರಾಯದಲ್ಲಿ ಬಹಳ ಸಲ ಇಲ್ಲ. ಆಟಗಾರರು ಬಂದಿರುವುದು ಆ ಕೋಚ್ ಕರೆದದ್ದಕ್ಕೆ. ಅಭ್ಯಾಸ ಮಾಡಿದ ಆಟವೂ ಅವನದೇ. ಫೆಬ್ರವರಿಯಲ್ಲಿ ಹೊಸದನ್ನು ಕಲಿಸಲು ದಿನಗಳು ಎಲ್ಲಿ? 2024ರ ಮಾರ್ಚ್ ಮೊದಲ ವಾರದಲ್ಲಿ ಕೀಟ್ಸ್‌ರನ್ನು ಕಳಿಸಿದ್ದರೆ ಮುಂದಿನ ನಾಲ್ಕು ವಾರ ಇರುತ್ತಲೇ ಇರಲಿಲ್ಲ.

ಹಾಗಂತ ಒಂದು ಕಪ್ ಎಲ್ಲವನ್ನೂ ಮುಚ್ಚಿಹಾಕುವುದಿಲ್ಲ. ಮರುವರ್ಷ ತಂಡ 12-19ಕ್ಕೆ ಕುಸಿಯಿತು. ಸೀಸನ್ ಮುಗಿದ ಕೂಡಲೇ ಕೀಟ್ಸ್ ಕೆಲಸ ಹೋಯಿತು. 2025ರ ಮಾರ್ಚ್‌ನಲ್ಲಿ ಮೆಕ್‌ನೀಸ್ ತಂಡದ ಕೋಚ್ ವಿಲ್ ವೇಡ್‌ರನ್ನು ಕರೆತಂದರು. ನಿರ್ಧಾರ ತಪ್ಪು ಎಂದು ನಾನು ಹೇಳಲಾರೆ. ಆದರೆ 37 ವರ್ಷ ಕಾದ ಕಪ್ ತಂದುಕೊಟ್ಟವರಿಗೆ ಊರು ಇನ್ನೂ ಸ್ವಲ್ಪ ಪ್ರೀತಿಯಿಂದ ವಿದಾಯ ಹೇಳಬೇಕಿತ್ತು.

ಒಂದೇ ವರ್ಷದಲ್ಲಿ ಅಷ್ಟು ಕೆಳಗೆ ಬೀಳಲು ಕಾರಣ ಏನು?

ಬರ್ನ್ಸ್, ಹಾರ್ನ್, ಮೊರ್ಸೆಲ್, ದಿಯಾರಾ ನಾಲ್ವರೂ ಇರಲಿಲ್ಲ. ಕಾಲೇಜು ಆಟದಲ್ಲಿ ಆಡಲು ಸಿಗುವ ವರ್ಷಗಳು ಎಣಿಸಿದಷ್ಟೇ.

ಮೊದಲಾದರೆ ಹೊಸ ಹುಡುಗರು ಎರಡು ಮೂರು ವರ್ಷ ಬೆಂಚಿನಲ್ಲಿ ಕೂತು ಕಲಿತು ಜಾಗ ತುಂಬುತ್ತಿದ್ದರು. ಈಗ ಟ್ರಾನ್ಸ್‌ಫರ್ ಪೋರ್ಟಲ್ ಇದೆ, ಕಾಲೇಜು ಬದಲಿಸಬೇಕೆನ್ನುವ ಆಟಗಾರರು ಹೆಸರು ಹಾಕುವ ಪಟ್ಟಿ. 2021ರಿಂದ ಆಟಗಾರರು ಒಂದು ಸಲ ಕಾಲೇಜು ಬದಲಿಸಿ, ವರ್ಷ ಕಾಯದೆ ತಕ್ಷಣ ಆಡಬಹುದಾಯಿತು. 2024ರಲ್ಲಿ ಆ ಒಂದು ಸಲದ ಮಿತಿಯೂ ಹೋಯಿತು. ಅದೇ 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖದಿಂದ ಹಣ ಗಳಿಸಬಹುದಾಯಿತು. 2025ರ ಜುಲೈನಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಹೀಗಾಗಿ ಪ್ರತಿ ಬೇಸಿಗೆ ಅರ್ಧ ತಂಡವನ್ನು ಹೊಸದಾಗಿ ಕಟ್ಟಬೇಕು.

2024ರ ತಂಡವೂ ಹಾಗೇ ಕಟ್ಟಿದ್ದು. ಬರ್ನ್ಸ್ ವಿಂತ್ರಾಪ್‌ನಿಂದ, ಹಾರ್ನ್ ಆರಿಜೋನಾ ಸ್ಟೇಟ್‌ನಿಂದ, ಓಕಾನೆಲ್ ಸ್ಟ್ಯಾನ್‌ಫರ್ಡ್‌ನಿಂದ, ಮೊರ್ಸೆಲ್ ವರ್ಜೀನಿಯಾದಿಂದ, ದಿಯಾರಾ ಮಿಸ್ಸೂರಿಯಿಂದ ಬಂದವರು. ಹೀಗೆ ಬಂದವರು ಹೊಂದಿಕೊಳ್ಳಲು ಸಮಯ ಬೇಕು. ಕೆಲವು ತಂಡಗಳಿಗೆ ಡಿಸೆಂಬರ್‌ನಲ್ಲಿ ಹೊಂದಿಕೆ ಸಿಗುತ್ತದೆ, ಇವರಿಗೆ ಮಾರ್ಚ್ 12ಕ್ಕೆ ಸಿಕ್ಕಿತು, ಇನ್ನು ಕೆಲವರಿಗೆ ಸಿಗುವುದೇ ಇಲ್ಲ. ಫೆಬ್ರವರಿಯಲ್ಲಿ ಸೋಲುವ ತಂಡ ಈ ಮೂರರಲ್ಲಿ ಯಾವುದು ಎಂದು ಮೊದಲೇ ಹೇಳಲು ಬರುವುದಿಲ್ಲ. ಅದಕ್ಕಾಗಿಯೇ ನಾನು ನೋಡುವುದನ್ನು ಬಿಡುವುದಿಲ್ಲ.

ಇಂಥದ್ದು ಬೇರೆ ತಂಡಗಳಿಗೂ ಆಗಿದೆಯಾ?

ಆಗಿದೆ. 2011ರ ಯುಕಾನ್ ತಂಡ ತನ್ನ ಕಾನ್ಫರೆನ್ಸ್ ಆದ ಬಿಗ್ ಈಸ್ಟ್‌ನಲ್ಲಿ 9 ಗೆದ್ದು 9 ಸೋತಿತ್ತು. ಕೆಂಬಾ ವಾಕರ್ ಹೆಗಲ ಮೇಲೆ ಐದು ದಿನದಲ್ಲಿ ಐದು ಪಂದ್ಯ ಗೆದ್ದು, ಕೊನೆಗೆ ರಾಷ್ಟ್ರೀಯ ಕಪ್ಪನ್ನೇ ಎತ್ತಿತು. ಅದೇ ವರ್ಷ ವಿಸಿಯು, 2021ರಲ್ಲಿ ಯುಸಿಎಲ್‌ಎ ತಂಡಗಳು ಟೂರ್ನಿಯ ಕೊನೆಯ ಬಾಗಿಲಾದ ಫಸ್ಟ್ ಫೋರ್‌ನಿಂದ ಒಳಗೆ ಬಂದು ಫೈನಲ್ ಫೋರ್ ಮುಟ್ಟಿದವು.

ನಮ್ಮವರಿಗೆ ಬೇಗ ಅರ್ಥವಾಗುವ ಉದಾಹರಣೆಯೂ ಇದೆ. ಅದೇ 2024ರ ವಸಂತದಲ್ಲಿ ಆರ್‌ಸಿಬಿ ಮೊದಲ ಎಂಟು ಪಂದ್ಯಗಳಲ್ಲಿ ಏಳು ಸೋತಿತ್ತು. ಆಮೇಲೆ ಆರು ಸಾಲಾಗಿ ಗೆದ್ದು, ಚಿನ್ನಸ್ವಾಮಿಯಲ್ಲಿ ಚೆನ್ನೈಯನ್ನು 27 ರನ್‌ಗಳಿಂದ ಸೋಲಿಸಿ ಪ್ಲೇಆಫ್ ಸೇರಿತು. ಮಾರ್ಚ್‌ನಲ್ಲಿ ಒಂದು, ಮೇನಲ್ಲಿ ಒಂದು. ಆ ವರ್ಷ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ.

ಹಿರಿಯರು 1983 ಅಂದ ಕೂಡಲೇ ಕಣ್ಣು ಒದ್ದೆ ಮಾಡಿಕೊಳ್ಳುತ್ತಾರಲ್ಲ, ಯಾಕೆ?

ಆ ವರ್ಷದ ತಂಡವೂ ಎಸಿಸಿ ಟೂರ್ನಿಗೆ ಹೋಗುವಾಗ 17 ಗೆಲುವಿನಲ್ಲೇ ಇತ್ತು: 17-10. ಜನವರಿಯಲ್ಲಿ ಡೆರೆಕ್ ವಿಟನ್‌ಬರ್ಗ್ ಕಾಲಿಗೆ ಪೆಟ್ಟಾಗಿ ಹಲವು ವಾರ ಹೊರಗಿದ್ದ. ಕೋಚ್ ಜಿಮ್ ವಾಲ್ವಾನೊ. ಟೂರ್ನಿ ಗೆಲ್ಲದೆ ದಾರಿ ಇರಲಿಲ್ಲ. ಮೈಕಲ್ ಜೋರ್ಡನ್ ಆಡುತ್ತಿದ್ದ ನಾರ್ತ್ ಕ್ಯಾರೊಲಿನಾವನ್ನು ಓವರ್‌ಟೈಮ್‌ನಲ್ಲಿ, ರಾಲ್ಫ್ ಸ್ಯಾಂಪ್ಸನ್ ಇದ್ದ ವರ್ಜೀನಿಯಾವನ್ನು ಫೈನಲ್‌ನಲ್ಲಿ ಸೋಲಿಸಿದರು. ಎನ್‌ಸಿಎಎಯಲ್ಲಿ ಪೆಪರ್‌ಡೈನ್ ಮೇಲೆ ಎರಡು ಓವರ್‌ಟೈಮ್, ಯುಎನ್‌ಎಲ್‌ವಿ ಮೇಲೆ ಒಂದು ಅಂಕ, ಮತ್ತೆ ವರ್ಜೀನಿಯಾ ಮೇಲೆ ಒಂದು ಅಂಕ.

ಏಪ್ರಿಲ್ 4, ಆಲ್ಬುಕರ್ಕಿಯಲ್ಲಿ ಫೈನಲ್. ಎದುರಿಗೆ ಒಲಾಜುವಾನ್, ಡ್ರೆಕ್ಸ್‌ಲರ್ ಇದ್ದ ಹ್ಯೂಸ್ಟನ್. 52-52. ಕೊನೆಯ ಕ್ಷಣದಲ್ಲಿ ವಿಟನ್‌ಬರ್ಗ್ ದೂರದಿಂದ ಎಸೆದ ಚೆಂಡು ರಿಂಗಿಗೆ ತಲುಪಲಿಲ್ಲ. ಲೊರೆಂಜೊ ಚಾರ್ಲ್ಸ್ ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ. 54-52. ಯಾರನ್ನಾದರೂ ಅಪ್ಪಿಕೊಳ್ಳಬೇಕೆಂದು ವಾಲ್ವಾನೊ ಅಂಗಳದ ತುಂಬ ಓಡಿದರು. ಹತ್ತು ವರ್ಷದ ನಂತರ, 1993ರಲ್ಲಿ, ಅವರು ಕ್ಯಾನ್ಸರ್‌ನಿಂದ ತೀರಿಕೊಂಡರು. ಅವರ ಹೆಸರಿನ ವಿ ಫೌಂಡೇಶನ್ ಇಂದಿಗೂ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸುತ್ತಿದೆ.

ಒಂದು ಮಾತು ಗಮನಿಸಿ. 1983ರಲ್ಲಿ 17ರಿಂದ 26 ಗೆಲುವು, ಸಾಲಾಗಿ ಒಂಬತ್ತು. 2024ರಲ್ಲೂ 17ರಿಂದ 26, ಸಾಲಾಗಿ ಒಂಬತ್ತು. ಕಾಕತಾಳೀಯವೇ ಇರಬಹುದು. ಬರೆಯುವಾಗ ಮೈ ಮಾತ್ರ ಜುಮ್ಮೆನ್ನುತ್ತದೆ.

ಎನ್‌ಸಿಎಎ ಸಿಗದಿದ್ದರೆ ಎನ್‌ಐಟಿ ಆಡಬೇಕಾ?

ಆಡಬೇಕು ಎಂದೇ ನನ್ನ ಮತ. ಎನ್‌ಸಿಎಎಯಲ್ಲಿ ಜಾಗ ಸಿಗದ ತಂಡಗಳು ಆಡುವ ಈ ಎನ್‌ಐಟಿ ಟೂರ್ನಿ 1938ರಲ್ಲಿ ಶುರುವಾದದ್ದು, ಎನ್‌ಸಿಎಎ ಟೂರ್ನಿಗಿಂತ ಒಂದು ವರ್ಷ ಹಿರಿಯದು. ಕೆಲವು ದೊಡ್ಡ ತಂಡಗಳು ಬೇಡ ಎನ್ನುತ್ತವೆ. ಆದರೆ ಕೊನೆಯ ವರ್ಷದ ಹುಡುಗನಿಗೆ ಇನ್ನೊಂದು ಪಂದ್ಯ ಸಿಕ್ಕರೆ ಅದು ಚಿಕ್ಕದಲ್ಲ. ಹೊರಗುಳಿದ ಇಂಡಿಯಾನಾ ಸ್ಟೇಟ್ ಹುಡುಗರು 2024ರ ಎನ್‌ಐಟಿ ಫೈನಲ್‌ವರೆಗೆ ಹೋದರು.

ಮಹಿಳಾ ತಂಡ ಹೇಗಿದೆ?

ಪುರುಷರ ತಂಡದ ಬೇಸರದಲ್ಲಿ ಇವರನ್ನು ಮರೆಯಬೇಡಿ. 2024ರ ಮಾರ್ಚ್ 31ರಂದು ಪುರುಷರು ಡ್ಯೂಕ್ ಸೋಲಿಸಿದ ದಿನವೇ ವೆಸ್ ಮೂರ್ ಅವರ ಮಹಿಳಾ ತಂಡ ಟೆಕ್ಸಸ್ ಮೇಲೆ 76-66ಕ್ಕೆ ಗೆದ್ದು ಫೈನಲ್ ಫೋರ್ ಸೇರಿತು. ಒಂದೇ ದಿನ, ಎರಡೂ ತಂಡ!

ಅವರು ಆಡುವುದು ಕ್ಯಾಂಪಸ್‌ನಲ್ಲೇ ಇರುವ, 1949ರಲ್ಲಿ ತೆರೆದ ರೆನಾಲ್ಡ್ಸ್ ಕೊಲಿಸಿಯಂನಲ್ಲಿ. ಪುರುಷರ ಪಂದ್ಯಗಳು ನಡೆಯುವ ಲೆನೊವೊ ಸೆಂಟರ್‌ಗೆ ಹೋಲಿಸಿದರೆ ಚಿಕ್ಕ ಜಾಗ, ಆಟ ಕೈಗೆ ಸಿಗುವಷ್ಟು ಹತ್ತಿರ. ಮಕ್ಕಳನ್ನು ಮೊದಲ ಸಲ ಕರೆದುಕೊಂಡು ಹೋಗುವವರಿಗೆ ನಾನು ಇದನ್ನೇ ಹೇಳುವುದು. ನಮ್ಮ ತಂಡಗಳ ಅಡ್ಡಹೆಸರು ವುಲ್ಫ್‌ಪ್ಯಾಕ್. ಒಂದು ಕಡೆಯವರು ವುಲ್ಫ್ ಎಂದು ಕೂಗುತ್ತಾರೆ, ಎದುರು ಕಡೆಯವರು ಪ್ಯಾಕ್ ಎನ್ನುತ್ತಾರೆ. ಹೋಗುವ ಮುಂಚೆ ಕಾರಿನಲ್ಲೇ ಮಕ್ಕಳಿಗೆ ಹೇಳಿಕೊಡಿ. ಒಳಗೆ ಹೋದ ಮೇಲೆ ನಿಮ್ಮ ಮಾತು ಅವರಿಗೆ ಕೇಳಿಸುವುದಿಲ್ಲ.